ಗಂಟಲು ನೋಯುತ್ತಿದೆ, ಲೈಂಗಿಕ ಸೋಂಕಿನ ಭಯ ಕಾಡುತ್ತಿದೆ: ಈಗ ಏನು ಮಾಡಬೇಕು?

ಬೆಳಿಗ್ಗೆ ಎದ್ದಾಗ ಗಂಟಲು ಕೆರೆಯುತ್ತಿರುತ್ತದೆ. ಎಂಜಲು ನುಂಗಿದರೂ ನೋವು. ಬೇರೆ ದಿನವಾಗಿದ್ದರೆ ನೆಗಡಿ ಬರುತ್ತಿದೆ ಅಂದುಕೊಂಡು ಸುಮ್ಮನಾಗುತ್ತಿದ್ದಿರಿ. ಆದರೆ ಈಗ ಮೂರು ದಿನದ ಹಿಂದಿನ ರಾತ್ರಿ ನೆನಪಾಗುತ್ತದೆ. ಓರಲ್ ಸೆಕ್ಸ್ ಆಗಿತ್ತು, ಕಾಂಡೋಮ್ ಇರಲಿಲ್ಲ. ಅಲ್ಲಿಂದ ಶುರು. ಮೊಬೈಲ್ ಟಾರ್ಚ್ ಹಾಕಿಕೊಂಡು ಕನ್ನಡಿ ಮುಂದೆ ಬಾಯಿ ತೆರೆದು ನಿಲ್ಲುತ್ತೀರಿ. ಒಳಗೆ ಕಾಣುವ ಪ್ರತಿ ಕೆಂಪು ಚುಕ್ಕೆಯೂ ಹೆದರಿಸುತ್ತದೆ.

ಆ ಕನ್ನಡಿ ಮುಂದೆ ನಾನೂ ನಿಂತಿದ್ದೇನೆ. ಮರುದಿನ ಒಂದು ಕ್ಲಿನಿಕ್‌ಗೆ ಹೋದೆ. "ಗಂಟಲು ನೋವು" ಅಂತ ಮಾತ್ರ ಹೇಳಿದೆ. ಉಳಿದದ್ದು ಬಾಯಿಗೆ ಬರಲೇ ಇಲ್ಲ. ವೈದ್ಯರು ನೋಡಿದರು, ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ನಾಲ್ಕು ದಿನಕ್ಕೆ ನೋವು ಹೋಯಿತು. ಭಯ ಮಾತ್ರ ಹೋಗಲಿಲ್ಲ, ಯಾಕೆಂದರೆ ನಾನು ನಿಜವಾಗಿ ಕೇಳಬೇಕಿದ್ದ ಪ್ರಶ್ನೆಯನ್ನು ಅಲ್ಲಿ ಕೇಳಿರಲೇ ಇಲ್ಲ. ಮೂರು ವಾರ ಒದ್ದಾಡಿದ ಮೇಲೆ ಇನ್ನೊಬ್ಬ ವೈದ್ಯರ ಹತ್ತಿರ ಎಲ್ಲವನ್ನೂ ಹೇಳಿದೆ. ಅವರು ಗಂಟಲಿನ ಸ್ವ್ಯಾಬ್, ಅಂದರೆ ಹತ್ತಿಕಡ್ಡಿಯಿಂದ ಮಾದರಿ ತೆಗೆದು ಮಾಡುವ ಪರೀಕ್ಷೆ, ಮಾಡಿಸಿದರು. ಏನೂ ಇರಲಿಲ್ಲ. ಅವತ್ತು ಅವರು ಹೇಳಿದ ಒಂದು ವಿಷಯ ನನಗೆ ಮೊದಲೇ ಗೊತ್ತಿದ್ದರೆ ಅಷ್ಟು ರಾತ್ರಿ ನಿದ್ದೆ ಕೆಡುತ್ತಿರಲಿಲ್ಲ.

ಅವರು ಹೇಳಿದ್ದು ಇಷ್ಟು. "ಗಂಟಲು ಯಾಕೆ ನೋಯುತ್ತಿದೆ" ಅನ್ನೋದು ಒಂದು ಪ್ರಶ್ನೆ. "ಲೈಂಗಿಕ ಸೋಂಕು ತಗುಲಿದೆಯಾ" ಅನ್ನೋದು ಬೇರೆಯೇ ಪ್ರಶ್ನೆ. ಹೆದರಿದಾಗ ಎರಡನ್ನೂ ಒಂದೇ ಮಾಡಿಕೊಳ್ಳುತ್ತೇವೆ. ಗಂಟಲಿಗೆ ತಗುಲುವ ಲೈಂಗಿಕ ಸೋಂಕುಗಳು ಹೆಚ್ಚಿನ ಸಲ ನೋಯುವುದೇ ಇಲ್ಲ. ನೋಯುವ ಗಂಟಲಲ್ಲಿ ಹೆಚ್ಚಿನ ಸಲ ಇರುವುದು ಮಾಮೂಲಿ ವೈರಸ್. ಹಾಗಾಗಿ ನೋವು ಇದೆ ಅಂದರೆ ಸೋಂಕಿದೆ ಅಂತಲ್ಲ. ನೋವು ಹೋಯಿತು ಅಂದರೆ ಸೋಂಕಿಲ್ಲ ಅಂತಲೂ ಅಲ್ಲ. ಎರಡನೇ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಎರಡು ವಿಷಯ ಬೇಕು: ಸಂಪರ್ಕ ಆದ ದಿನಾಂಕ, ಸರಿಯಾದ ದಿನಕ್ಕೆ ಮಾಡಿಸಿದ ಪರೀಕ್ಷೆ. ಕೆಳಗಿನ ಹೆಜ್ಜೆಗಳೆಲ್ಲ ಇದರ ಮೇಲೆಯೇ ನಿಂತಿವೆ.

ಮೊದಲ ಹೆಜ್ಜೆ: ಇದು ಕಾಯುವಂಥದ್ದಾ ಅಂತ ನೋಡಿ

ಕೆಲವು ಲಕ್ಷಣ ಇದ್ದರೆ ಈ ಲೇಖನ ಇಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೊರಡಿ. ಉಸಿರಾಡಲು ಕಷ್ಟ ಆಗುತ್ತಿದೆ. ಎಂಜಲನ್ನೂ ನುಂಗಲಾಗದೆ ಜೊಲ್ಲು ಸುರಿಯುತ್ತಿದೆ. ಬಾಯಿ ಪೂರ್ತಿ ತೆರೆಯಲು ಆಗುತ್ತಿಲ್ಲ. ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಮಾತಾಡಿದ ಹಾಗೆ ದನಿ ಬದಲಾಗಿದೆ. ಗಂಟಲಿನ ಒಂದೇ ಬದಿ ಊದಿಕೊಂಡು ಕಿರುನಾಲಿಗೆಯನ್ನು ಇನ್ನೊಂದು ಬದಿಗೆ ತಳ್ಳಿದೆ. ಕತ್ತು ಬಿಗಿಯಾಗಿ ಬಗ್ಗುತ್ತಿಲ್ಲ. ಟಾನ್ಸಿಲ್ ಪಕ್ಕದಲ್ಲಿ ಕೀವು ತುಂಬಿದಾಗಲೂ ಇಂಥ ಲಕ್ಷಣ ಕಾಣಿಸಿಕೊಳ್ಳುತ್ತವೆ. ಅದಕ್ಕೂ ಲೈಂಗಿಕ ಸೋಂಕಿಗೂ ಸಂಬಂಧ ಇರಬೇಕಿಲ್ಲ, ಆದರೆ ಅದು ಒಂದು ರಾತ್ರಿಯೂ ಕಾಯುವಂಥದ್ದಲ್ಲ.

ಎರಡನೇ ಹೆಜ್ಜೆ: 72 ಗಂಟೆ ದಾಟಿದೆಯಾ?

ಇದನ್ನು ಮುಂದೆ ಇಟ್ಟಿರುವುದಕ್ಕೆ ಕಾರಣ ಇದೆ. ಎಚ್‌ಐವಿ ತಗುಲಿರಬಹುದಾದ ಸಂಪರ್ಕ ಆದ 72 ಗಂಟೆಯೊಳಗೆ ಔಷಧಿ ಶುರು ಮಾಡಿದರೆ ಸೋಂಕು ನೆಲೆಯೂರದಂತೆ ತಡೆಯಬಹುದು. ಇದಕ್ಕೆ ಪೆಪ್ ಅನ್ನುತ್ತಾರೆ. 28 ದಿನ ತಪ್ಪದೆ ಮಾತ್ರೆ ತೆಗೆದುಕೊಳ್ಳಬೇಕು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಶುರು ಮಾಡಿ ಪ್ರಯೋಜನ ಇಲ್ಲ.

ಬರೀ ಓರಲ್ ಸೆಕ್ಸ್‌ನಿಂದ ಎಚ್‌ಐವಿ ಬರುವ ಸಾಧ್ಯತೆ ತುಂಬ ತುಂಬ ಕಡಿಮೆ. ಹಾಗಾಗಿ ಅಷ್ಟಕ್ಕೇ ಸಾಮಾನ್ಯವಾಗಿ ಪೆಪ್ ಕೊಡುವುದಿಲ್ಲ. ಆದರೆ ಅದೇ ದಿನ ಕಾಂಡೋಮ್ ಇಲ್ಲದೆ ಯೋನಿ ಅಥವಾ ಗುದದ ಮೂಲಕ ಸಂಪರ್ಕ ಆಗಿದ್ದರೆ ಲೆಕ್ಕ ಬೇರೆ. ಬಾಯಲ್ಲಿ ಹುಣ್ಣು, ರಕ್ತ ಇದ್ದರೂ ವೈದ್ಯರನ್ನು ಕೇಳಿ ನೋಡಿ.

ನಿಮ್ಮ ಇಷ್ಟಕ್ಕೆ ವಿರುದ್ಧವಾಗಿ ನಡೆದಿದ್ದರೆ, ತಡ ಮಾಡದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ನಂಬಿಕೆಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ತಪ್ಪು ನಿಮ್ಮದಲ್ಲ.

ಮೂರನೇ ಹೆಜ್ಜೆ: ಒಂದು ಕಾಗದ ತೆಗೆದುಕೊಂಡು ದಿನ ಎಣಿಸಿ

ತಲೆಯೊಳಗೆ ಎಣಿಸಬೇಡಿ, ಭಯದಲ್ಲಿ ಲೆಕ್ಕ ತಪ್ಪುತ್ತದೆ. ಸಂಪರ್ಕ ಆದ ದಿನಾಂಕ ಬರೆಯಿರಿ. ಗಂಟಲು ನೋವು ಶುರುವಾದ ದಿನ ಬರೆಯಿರಿ. ನಡುವೆ ಎಷ್ಟು ದಿನ? ಬಾಯಿ ಯಾವುದಕ್ಕೆ ತಾಗಿತ್ತು ಅನ್ನೋದನ್ನೂ ಬರೆಯಿರಿ. ಬೇರೆ ರೀತಿಯ ಸಂಪರ್ಕ ಇತ್ತಾ? ಸಂಗಾತಿಗೆ ನೆಗಡಿ, ಕೆಮ್ಮು ಇತ್ತಾ? ಕೊನೆಯ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ. ಹೆಚ್ಚಾಗಿ ಉತ್ತರ ಇರುವುದು ಅಲ್ಲೇ.

ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ಇದ್ದಿರಿ, ಮುತ್ತು ಕೊಟ್ಟಿರಿ ಅಂದರೆ ನೆಗಡಿ ದಾಟಲು ಅಷ್ಟು ಸಾಕು. ನೆಗಡಿಯ ವೈರಸ್ 1ರಿಂದ 3 ದಿನದಲ್ಲಿ ಗಂಟಲು ಕೆಡಿಸುತ್ತದೆ. ಫ್ಲೂ 1ರಿಂದ 4 ದಿನ. ಸ್ಟ್ರೆಪ್ ಬ್ಯಾಕ್ಟೀರಿಯಾದ ಗಂಟಲು ನೋವು 2ರಿಂದ 5 ದಿನ. ಕೋವಿಡ್ 2ರಿಂದ 14 ದಿನ. ಅಂದರೆ ನೋವು ಆ ರಾತ್ರಿಯಿಂದಲೇ ಬಂದಿರಬಹುದು, ಆದರೆ ಲೈಂಗಿಕ ಸೋಂಕಾಗಿ ಬಂದಿರಬೇಕಿಲ್ಲ. ಗಂಟಲಿನ ಹಿಂಭಾಗಕ್ಕೆ ಒತ್ತಡ ಬಿದ್ದು, ಉಜ್ಜಿ ನೋವಾಗುವುದೂ ಉಂಟು. ಅದು ಮರುದಿನವೇ ಶುರುವಾಗಿ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ.

ಈಗ ಇನ್ನೊಂದು ಕಡೆಯ, ಅಂದರೆ ಲೈಂಗಿಕ ಸೋಂಕುಗಳ ಲೆಕ್ಕ. ಗೊನೊರಿಯಾ ಲಕ್ಷಣ ತೋರಿಸಿದರೆ ಸಾಮಾನ್ಯವಾಗಿ 2ರಿಂದ 7 ದಿನ, ಕೆಲವೊಮ್ಮೆ 14 ದಿನದವರೆಗೆ. ಹರ್ಪಿಸ್ 2ರಿಂದ 12 ದಿನ. ಎಚ್‌ಐವಿಯ ಮೊದಲ ಜ್ವರ 2ರಿಂದ 4 ವಾರ. ಸಿಫಿಲಿಸ್‌ನ ಮೊದಲ ಹುಣ್ಣು 10ರಿಂದ 90 ದಿನ, ಸರಾಸರಿ 21 ದಿನ. ಮುತ್ತಿನಿಂದ ಹರಡುವ ಗ್ರಂಥಿಜ್ವರ, ಅಂದರೆ ಮೋನೋ, 4ರಿಂದ 6 ವಾರ.

ಸಂಪರ್ಕ ಆದ ಮರುದಿನ ಬೆಳಿಗ್ಗೆಯೇ ಗಂಟಲು ನೋವು ಬಂದಿದ್ದರೆ ಅದು ಎಚ್‌ಐವಿ ಅಲ್ಲ, ಸಿಫಿಲಿಸ್ ಅಲ್ಲ. ದಿನಗಳ ಲೆಕ್ಕವೇ ಅದನ್ನು ಹೇಳುತ್ತದೆ. ಇಷ್ಟು ಗೊತ್ತಾದರೆ ಅರ್ಧ ಭಾರ ಇಳಿಯುತ್ತದೆ, ಅಲ್ವಾ?

ನಾಲ್ಕನೇ ಹೆಜ್ಜೆ: ಕನ್ನಡಿ ಮುಂದೆ ಒಂದೇ ಸಲ ನಿಲ್ಲಿ

ಬಾಯಿಯೊಳಗೆ ದಿನಾ ನೋಡಿ ಅಭ್ಯಾಸ ಯಾರಿಗೂ ಇರುವುದಿಲ್ಲ. ಹೆದರಿದ ದಿನ ಮೊದಲ ಸಲ ನೋಡುತ್ತೇವೆ. ಆಗ ಹುಟ್ಟಿನಿಂದ ಇದ್ದದ್ದೂ ಹೊಸ ರೋಗದ ಹಾಗೆ ಕಾಣುತ್ತದೆ. ನಾಲಿಗೆಯ ಹಿಂಭಾಗದಲ್ಲಿ ಎಂಟು ಹತ್ತು ದಪ್ಪ ಗುಳ್ಳೆಗಳು ಸಾಲಾಗಿ ಇಂಗ್ಲಿಷಿನ 'ವಿ' ಆಕಾರದಲ್ಲಿ ಕಾಣುತ್ತವೆ. ಅವು ರುಚಿ ಗುರುತಿಸುವ ಭಾಗಗಳು, ಎಲ್ಲರಿಗೂ ಇರುತ್ತವೆ. ತುಟಿಯ ಒಳಗೆ, ಕೆನ್ನೆಯ ಒಳಗೆ ಸಾಸಿವೆಗಿಂತ ಚಿಕ್ಕ ಹಳದಿ ಚುಕ್ಕೆಗಳಿದ್ದರೆ ಅವು ಎಣ್ಣೆ ಗ್ರಂಥಿಗಳು, ಅಪಾಯ ಇಲ್ಲ. ಗಂಟಲಿನ ಹಿಂಗೋಡೆ ಉರುಟು ಕಲ್ಲು ಹಾಸಿದ ಹಾಗೆ ಉಬ್ಬುಬ್ಬಾಗಿ ಕಂಡರೆ ಅದು ಅಲರ್ಜಿ, ನೆಗಡಿಯಲ್ಲಿ ಕಾಣುವಂಥದ್ದು. ಟಾನ್ಸಿಲ್ ತೂತುಗಳಲ್ಲಿ ಸಿಕ್ಕಿಕೊಂಡ, ಕೆಟ್ಟ ವಾಸನೆಯ ಬಿಳಿ ತುಣುಕು ಟಾನ್ಸಿಲ್ ಕಲ್ಲು. ಅದನ್ನು ಕೀವು ಅಂದುಕೊಂಡು ಹೆದರುವವರು ಜಾಸ್ತಿ.

ಗಮನಿಸಬೇಕಾದದ್ದು ಬೇರೆ. ಟಾನ್ಸಿಲ್ ಮೇಲೆ ಬಿಳಿ ಪದರ, ಜ್ವರ, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು, ಇದರ ಜೊತೆ ಕೆಮ್ಮು ಇಲ್ಲದಿರುವುದು. ಈ ನಾಲ್ಕೂ ಸೇರಿದರೆ ವೈದ್ಯರ ಅನುಮಾನ ಮೊದಲು ಸ್ಟ್ರೆಪ್ ಕಡೆ ಹೋಗುತ್ತದೆ. ಮೂಗು ಸೋರುತ್ತಿದೆ, ಕೆಮ್ಮಿದೆ, ದನಿ ಒಡೆದಿದೆ ಅಂದರೆ ವೈರಸ್ ಇರಬಹುದು. ನೀರು ತುಂಬಿದ ಚಿಕ್ಕ ಗುಳ್ಳೆಗಳು ಒಡೆದು ಉರಿಯುವ ಹುಣ್ಣಾಗಿದ್ದರೆ ಹರ್ಪಿಸ್ ಇರಬಹುದು. ನೋವೇ ಇಲ್ಲದ, ಅಂಚು ಗಟ್ಟಿಯಾದ ಒಂಟಿ ಹುಣ್ಣು ತುಟಿ, ನಾಲಿಗೆ ಅಥವಾ ಟಾನ್ಸಿಲ್ ಮೇಲಿದ್ದರೆ ಸಿಫಿಲಿಸ್ ಪರೀಕ್ಷೆ ಬೇಕೇ ಬೇಕು.

ನೋಡಿ ಆಯಿತಾ? ಇನ್ನು ಟಾರ್ಚ್ ಆಫ್ ಮಾಡಿ. ಗಂಟೆಗೊಮ್ಮೆ ನೋಡಿದರೆ, ಬೆರಳು ಹಾಕಿ ಮುಟ್ಟಿದರೆ ಇಲ್ಲದ ನೋವೂ ಬರುತ್ತದೆ. ಆತಂಕಕ್ಕೇ ಬಾಯಿ ಒಣಗುತ್ತದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಅನಿಸುತ್ತದೆ. ಆ ಅನುಭವ ಸುಳ್ಳಲ್ಲ, ಆದರೆ ಅದಕ್ಕೆ ಸೋಂಕೇ ಕಾರಣ ಆಗಿರಬೇಕಿಲ್ಲ.

ಐದನೇ ಹೆಜ್ಜೆ: ಯಾವ ಸೋಂಕು ಗಂಟಲಲ್ಲಿ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ

ಗೊನೊರಿಯಾದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಗಂಟಲಿನ ವಿಷಯದಲ್ಲಿ ಮುಖ್ಯವಾಗಿ ಹುಡುಕಬೇಕಾದದ್ದು ಇದನ್ನೇ. ಗಂಟಲಲ್ಲಿ ಗೊನೊರಿಯಾ ಇರುವ ಬಹುಪಾಲು ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಇದ್ದವರಿಗೂ ಮಾಮೂಲಿ ಗಂಟಲು ನೋವಿನ ಹಾಗೆಯೇ ಇರುತ್ತದೆ. ನೋಡಿ ಹೇಳಲು ವೈದ್ಯರಿಗೂ ಆಗುವುದಿಲ್ಲ. ಈ ಬ್ಯಾಕ್ಟೀರಿಯಾವನ್ನು 1879ರಲ್ಲಿ ಆಲ್ಬರ್ಟ್ ನೈಸರ್ ಗುರುತಿಸಿದರು, ಅವರ ಹೆಸರಿನಿಂದಲೇ ಆ ಇಡೀ ಗುಂಪಿಗೆ ನೈಸೀರಿಯಾ ಅನ್ನುತ್ತಾರೆ. ಅದೇ ಗುಂಪಿನ ಬೇರೆ ಬ್ಯಾಕ್ಟೀರಿಯಾಗಳು, ಏನೂ ತೊಂದರೆ ಕೊಡದವು, ನಮ್ಮೆಲ್ಲರ ಗಂಟಲಲ್ಲಿ ಇರುತ್ತವೆ. ಇದರಿಂದ ಎರಡು ಪರಿಣಾಮ. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಒಂದೇ ಥರ ಕಾಣುವುದರಿಂದ ಗಂಟಲಿನ ಮಾದರಿಯನ್ನು ಹಾಗೆ ನೋಡಿ ಗೊನೊರಿಯಾ ಅಂತ ಹೇಳಲಾಗುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. ಆ ಬ್ಯಾಕ್ಟೀರಿಯಾಗಳು ಔಷಧಿಗೆ ಬಗ್ಗದ ಗುಣವನ್ನು ಗೊನೊರಿಯಾಕ್ಕೆ ದಾಟಿಸಬಲ್ಲವು. ಗಂಟಲಿನ ಗೊನೊರಿಯಾ ಗುಣಪಡಿಸುವುದು ಬೇರೆ ಜಾಗದ್ದಕ್ಕಿಂತ ಕಷ್ಟವೂ ಹೌದು. ಅದಕ್ಕೇ ಕಂಡಕಂಡ ಆ್ಯಂಟಿಬಯಾಟಿಕ್ ನುಂಗಬಾರದು.

ಕ್ಲಮೈಡಿಯಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಸೋಂಕು ಗಂಟಲಿಗೆ ಬರುವುದು ಕಡಿಮೆ. ಬಂದರೂ ಸಾಮಾನ್ಯವಾಗಿ ಲಕ್ಷಣ ಇರುವುದಿಲ್ಲ.

ಹರ್ಪಿಸ್ ಒಂದು ವೈರಸ್. ಮೊದಲ ಸಲ ಬಂದಾಗ ಗಂಟಲು ನೋವು, ಜ್ವರ, ಕತ್ತಿನ ಗಂಟು ಎಲ್ಲ ಜೋರಾಗಿರಬಹುದು. ತುಟಿಯ ಮೇಲೆ ಏಳುವ ಜ್ವರದ ಗುಳ್ಳೆಯೂ ಇದೇ ವೈರಸ್. ಎಷ್ಟೋ ಜನಕ್ಕೆ ಅದು ಚಿಕ್ಕ ವಯಸ್ಸಿನಲ್ಲೇ ಮನೆಯವರ ಮುತ್ತಿನಿಂದ ಬಂದಿರುತ್ತದೆ.

ಸಿಫಿಲಿಸ್ ಮೋಸ ಮಾಡುವ ರೋಗ. ನೋಯದ ಹುಣ್ಣು 3ರಿಂದ 6 ವಾರದಲ್ಲಿ ತಾನಾಗಿ ಮಾಯುತ್ತದೆ. ಗುಣ ಆಯಿತು ಅಂದುಕೊಳ್ಳುತ್ತೇವೆ, ಅದು ಒಳಗೇ ಇರುತ್ತದೆ. ವಾರಗಳು, ತಿಂಗಳುಗಳು ಕಳೆದ ಮೇಲೆ ಎರಡನೇ ಹಂತ ಬರುತ್ತದೆ: ಗಂಟಲು ನೋವು, ಜ್ವರ, ಅಂಗೈ ಅಂಗಾಲಿನಲ್ಲೂ ಕಾಣುವ ತುರಿಕೆ ಇಲ್ಲದ ದದ್ದು, ಬಾಯೊಳಗೆ ಬೂದುಬಣ್ಣದ ಮಚ್ಚೆ. ಗಂಟಲು ನೋವಿನ ಜೊತೆ ಅಂಗೈಯಲ್ಲಿ ದದ್ದು ಕಂಡರೆ ತಡ ಮಾಡಬೇಡಿ.

ಎಚ್‌ಐವಿ ತಗುಲಿದ 2ರಿಂದ 4 ವಾರದಲ್ಲಿ ಕೆಲವರಿಗೆ ಫ್ಲೂ ಥರದ ಜ್ವರ ಬರುತ್ತದೆ. ಗಂಟಲು ನೋವು ಅದರಲ್ಲಿ ಒಂದು ಭಾಗ ಅಷ್ಟೇ. ಜ್ವರ, ಮೈಕೈ ನೋವು, ದದ್ದು, ರಾತ್ರಿ ಬೆವರು, ಕತ್ತಿನ ಗಂಟು ಜೊತೆಗಿರುತ್ತವೆ. ಲಕ್ಷಣ ನೋಡಿ ಎಚ್‌ಐವಿ ಇದೆ ಅಂತಲೂ ಇಲ್ಲ ಅಂತಲೂ ಹೇಳಲಾಗುವುದಿಲ್ಲ. ರಕ್ತ ಪರೀಕ್ಷೆ ಒಂದೇ ದಾರಿ.

ಇನ್ನು ಎಚ್‌ಪಿವಿ. ಕೆಲವು ಬಗೆಯ ಎಚ್‌ಪಿವಿ, ಮುಖ್ಯವಾಗಿ 16ನೇ ಬಗೆ, ವರ್ಷಗಟ್ಟಲೆ ಒಳಗುಳಿದರೆ ಗಂಟಲಿನ ಕ್ಯಾನ್ಸರ್‌ಗೆ ಕಾರಣ ಆಗಬಹುದು. ಆದರೆ ಅದು ಹೋದ ವಾರದ ಸಂಪರ್ಕದಿಂದ ಈ ವಾರ ಬರುವ ನೋವಲ್ಲ. ಹೆಚ್ಚಿನವರಲ್ಲಿ ಈ ವೈರಸ್ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಲಸಿಕೆ ಇದೆ, ಅದರ ಬಗ್ಗೆ ವೈದ್ಯರನ್ನು ಕೇಳಿ.

ಆರನೇ ಹೆಜ್ಜೆ: ಮಾತ್ರೆ ಬೇಡ, ಮೊದಲು ಪರೀಕ್ಷೆ

ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯಾಟಿಕ್ ಹುಡುಕುವ ಆಸೆ ಬರುತ್ತದೆ. ಮಾತಾಡದೆ ಮುಗಿಸಿಬಿಡಬಹುದು ಅನಿಸುತ್ತದೆ. ದಯವಿಟ್ಟು ಬೇಡ. ವೈರಸ್ ಆಗಿದ್ದರೆ ಅದು ಕೆಲಸವೇ ಮಾಡುವುದಿಲ್ಲ. ಗೊನೊರಿಯಾ ಆಗಿದ್ದರೆ ಅರ್ಧಂಬರ್ಧ ಕೆಲಸ ಮಾಡಿ, ಪರೀಕ್ಷೆಯಲ್ಲಿ ಸಿಗದಷ್ಟು ಕಡಿಮೆಯಾಗಿ, ಆಮೇಲೆ ಮತ್ತೆ ಬೆಳೆಯಬಹುದು. ಸಿಫಿಲಿಸ್‌ನ ಲಕ್ಷಣ ಮುಚ್ಚಿಹೋಗಬಹುದು. ಗ್ರಂಥಿಜ್ವರ ಇದ್ದವರು ಅಮಾಕ್ಸಿಸಿಲಿನ್ ತೆಗೆದುಕೊಂಡರೆ ಮೈತುಂಬ ದದ್ದು ಏಳುವುದುಂಟು. ಆ ದದ್ದು ನೋಡಿ ಇನ್ನೊಂದು ಸುತ್ತು ಭಯ ಶುರುವಾಗುತ್ತದೆ.

ನೋವಿಗೆ ಮಾತ್ರ ಪರಿಹಾರ ಮಾಡಿಕೊಳ್ಳಿ. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ನಾಲ್ಕು ಸಲ ಬಾಯಿ ಮುಕ್ಕಳಿಸಿ. ನೀರು ಜಾಸ್ತಿ ಕುಡಿಯಿರಿ. ದೊಡ್ಡವರು ಪ್ಯಾರಾಸಿಟಮಾಲ್ 500 ಮಿಲಿಗ್ರಾಂನಿಂದ 1 ಗ್ರಾಂವರೆಗೆ, 4ರಿಂದ 6 ಗಂಟೆ ಬಿಟ್ಟು ತೆಗೆದುಕೊಳ್ಳಬಹುದು. 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು. ಲಿವರ್ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಿ. ಸಿಗರೇಟ್ ಸದ್ಯಕ್ಕೆ ಬಿಡಿ.

ಮೌತ್‌ವಾಶ್‌ನಿಂದ ಸೋಂಕು ತೊಳೆದುಹೋಗುತ್ತದೆ ಅಂತ ನಂಬಿ ದಿನಕ್ಕೆ ಹತ್ತು ಸಲ ಮುಕ್ಕಳಿಸುವವರಿದ್ದಾರೆ. ಮೌತ್‌ವಾಶ್ ಗೊನೊರಿಯಾಕ್ಕೆ ಚಿಕಿತ್ಸೆ ಅಲ್ಲ. ಗಂಟಲು ಇನ್ನಷ್ಟು ಒಣಗಿ ಉರಿಯುತ್ತದೆ ಅಷ್ಟೇ.

ಏಳನೇ ಹೆಜ್ಜೆ: ವೈದ್ಯರಿಗೆ ಈ ಮಾತು ಹೇಳಿ

ನಾನು ಎಡವಿದ್ದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ನೀವು ಬರೀ "ಗಂಟಲು ನೋವು" ಅಂದರೆ ವೈದ್ಯರು ಸ್ಟ್ರೆಪ್ ಪರೀಕ್ಷೆ ಮಾಡಿಸಬಹುದು ಅಥವಾ ಮಾಮೂಲಿ ಗಂಟಲಿನ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಬಹುದು. ಮಾಮೂಲಿ ಕಲ್ಚರ್‌ನಲ್ಲಿ ಗೊನೊರಿಯಾ ಸಿಗುವುದಿಲ್ಲ. ಅದನ್ನು ಲ್ಯಾಬ್‌ನಲ್ಲಿ ಬೆಳೆಸಲು ಬೇರೆ ಬಗೆಯ ಆಹಾರ ಮಿಶ್ರಣ ಬೇಕು. ಯಾರಾದರೂ ಹೇಳಿದರೆ ಮಾತ್ರ ಲ್ಯಾಬ್‌ನವರು ಅದನ್ನು ಹುಡುಕುತ್ತಾರೆ. ಅಂದರೆ "ರಿಪೋರ್ಟ್ ನಾರ್ಮಲ್" ಅಂತ ಬಂದರೂ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿರುವುದಿಲ್ಲ.

ಮೂತ್ರ ಪರೀಕ್ಷೆಯ ಕತೆಯೂ ಅದೇ. ಮೂತ್ರದಲ್ಲಿ ಸಿಗುವುದು ಮೂತ್ರನಾಳದ ಸೋಂಕು. ಗಂಟಲಲ್ಲಿ ಇರುವುದು ಅದರಲ್ಲಿ ಕಾಣುವುದಿಲ್ಲ. ಸಂಪರ್ಕ ಎಲ್ಲಿ ಆಗಿತ್ತೋ ಅಲ್ಲಿಂದಲೇ ಮಾದರಿ ತೆಗೆಯಬೇಕು.

ಮಾತು ಹೊರಡದಿದ್ದರೆ ಇದನ್ನು ಫೋನಿನಲ್ಲಿ ಬರೆದುಕೊಂಡು ಹೋಗಿ ಓದಿ, ಇಲ್ಲವೇ ತೋರಿಸಿ: "ಡಾಕ್ಟ್ರೇ, ಹತ್ತು ದಿನದ ಹಿಂದೆ ಕಾಂಡೋಮ್ ಇಲ್ಲದೆ ಓರಲ್ ಸೆಕ್ಸ್ ಆಗಿತ್ತು. ಈಗ ಗಂಟಲು ನೋವಿದೆ. ಗಂಟಲಿನ ಸ್ವ್ಯಾಬ್ ತೆಗೆದು ಗೊನೊರಿಯಾ, ಕ್ಲಮೈಡಿಯಾ ಪರೀಕ್ಷೆ ಮಾಡಿಸಬಹುದಾ? ಸಿಫಿಲಿಸ್, ಎಚ್‌ಐವಿ ರಕ್ತ ಪರೀಕ್ಷೆಯೂ ಬೇಕಿತ್ತು." ಇಷ್ಟು ಸಾಕು. ಸಂಗಾತಿ ಗಂಡೋ ಹೆಣ್ಣೋ, ಮದುವೆ ಆಗಿದೆಯೋ ಇಲ್ಲವೋ ಅನ್ನೋದಕ್ಕೆ ಸಮಜಾಯಿಷಿ ಕೊಡಬೇಕಿಲ್ಲ. ಗರ್ಭಿಣಿಯಾಗಿದ್ದರೆ, ಔಷಧಿ ಅಲರ್ಜಿ ಇದ್ದರೆ, ಈಗಾಗಲೇ ಯಾವುದಾದರೂ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಮಾತ್ರ ಖಂಡಿತ ಹೇಳಿ. ಒಬ್ಬ ವೈದ್ಯರು ಮುಖ ಸಿಂಡರಿಸಿದರೆ ಎದ್ದು ಇನ್ನೊಬ್ಬರ ಹತ್ತಿರ ಹೋಗಿ. ಚರ್ಮ ಮತ್ತು ಲೈಂಗಿಕ ರೋಗಗಳ ತಜ್ಞರಿಗೆ ಈ ಮಾತು ದಿನನಿತ್ಯದ್ದು.

ಎಂಟನೇ ಹೆಜ್ಜೆ: ಯಾವ ಪರೀಕ್ಷೆ, ಯಾವ ದಿನ

ಗಂಟಲಿನ ಗೊನೊರಿಯಾ, ಕ್ಲಮೈಡಿಯಾಕ್ಕೆ ಈಗ ಇರುವ ಒಳ್ಳೆಯ ಪರೀಕ್ಷೆ ನಾಟ್. ಬ್ಯಾಕ್ಟೀರಿಯಾದ ವಂಶವಾಹಿಯನ್ನೇ ಹುಡುಕುತ್ತದೆ. ಉದ್ದ ಹತ್ತಿಕಡ್ಡಿಯನ್ನು ಎರಡೂ ಟಾನ್ಸಿಲ್ ಮತ್ತು ಗಂಟಲಿನ ಹಿಂಗೋಡೆಗೆ ಉಜ್ಜುತ್ತಾರೆ. ಕೆಲವೇ ಸೆಕೆಂಡು. ಓಕರಿಕೆ ಬರಬಹುದು, ನೋವಾಗುವುದಿಲ್ಲ. ಹೇಳಿಕೊಟ್ಟರೆ ನೀವೇ ತೆಗೆದುಕೊಳ್ಳಬಹುದು. ಲಕ್ಷಣ ಇದ್ದರೆ ಈಗಲೇ ಮಾಡಿಸಿ. ಇಲ್ಲದಿದ್ದರೆ ಸಂಪರ್ಕ ಆಗಿ 2 ವಾರಕ್ಕೆ ಮಾಡಿಸಿ. ಬೇಗ ಮಾಡಿಸಿ ನೆಗೆಟಿವ್ ಬಂದಿದ್ದರೆ 2 ವಾರಕ್ಕೆ ಮತ್ತೊಮ್ಮೆ ಮಾಡಿಸಿದರೆ ಮನಸ್ಸಿಗೆ ನಿರಾಳ.

ಎಚ್‌ಐವಿಗೆ ತೋಳಿನಿಂದ ರಕ್ತ ತೆಗೆದು ಲ್ಯಾಬ್‌ನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ 45 ದಿನಕ್ಕೆ ಖಚಿತ ಉತ್ತರ ಕೊಡುತ್ತದೆ. ಮನೆಯಲ್ಲೇ ಮಾಡುವ ಕಿಟ್‌ಗಳಾದರೆ 90 ದಿನ ಕಾಯಬೇಕು. ಮೂರನೇ ದಿನ ಮಾಡಿಸಿದ ಪರೀಕ್ಷೆ ಹಳೆಯ ಸ್ಥಿತಿಯನ್ನು ಮಾತ್ರ ಹೇಳುತ್ತದೆ, ಹೊಸ ಸಂಪರ್ಕದ ಬಗ್ಗೆ ಏನೂ ಹೇಳುವುದಿಲ್ಲ.

ಸಿಫಿಲಿಸ್ ರಕ್ತ ಪರೀಕ್ಷೆಯನ್ನು ಈಗೊಮ್ಮೆ, ಸಂಪರ್ಕ ಆಗಿ 3 ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಿ. ಹುಣ್ಣು ಇದ್ದರೆ ಅದರಿಂದಲೇ ಮಾದರಿ ತೆಗೆಯಬಹುದು. ಹರ್ಪಿಸ್‌ಗೂ ಹಾಗೆಯೇ, ಗುಳ್ಳೆ ಹಸಿ ಇರುವಾಗ ಸ್ವ್ಯಾಬ್ ತೆಗೆದರೆ ಒಳ್ಳೆಯ ಉತ್ತರ ಸಿಗುತ್ತದೆ. ಲಕ್ಷಣವೇ ಇಲ್ಲದೆ ಹರ್ಪಿಸ್ ರಕ್ತ ಪರೀಕ್ಷೆ ಮಾಡಿಸುವುದು ನನ್ನ ಮಟ್ಟಿಗೆ ಸುಮ್ನೆ ಗೊಂದಲ ತಂದುಕೊಂಡ ಹಾಗೆ. ಅದು ಯಾವಾಗ ಬಂತು, ಎಲ್ಲಿದೆ ಅಂತ ಹೇಳುವುದಿಲ್ಲ.

ಈ ದಿನಾಂಕಗಳನ್ನು ಆ ಕಾಗದದಲ್ಲೇ ಬರೆದಿಡಿ. ನಡುವಿನ ದಿನಗಳಲ್ಲಿ ಪರೀಕ್ಷೆ ಬೇಡ, ಹುಡುಕಾಟವೂ ಬೇಡ. ಉತ್ತರ ಬರುವವರೆಗೆ ಮುತ್ತು, ಓರಲ್ ಸೆಕ್ಸ್, ಬೇರೆ ಲೈಂಗಿಕ ಸಂಪರ್ಕ ಬಿಟ್ಟಿರುವುದು ಒಳ್ಳೆಯದು. ಗಂಟಲಿನ ಗೊನೊರಿಯಾ ಆಳವಾದ ಮುತ್ತಿನಿಂದಲೂ ದಾಟಬಹುದು ಅನ್ನೋದಕ್ಕೆ ಅಧ್ಯಯನಗಳಲ್ಲಿ ಸುಳಿವು ಸಿಕ್ಕಿದೆ. ಆದರೆ ತಟ್ಟೆ, ಲೋಟ, ಟವೆಲ್, ಶೌಚಾಲಯದಿಂದ ಗೊನೊರಿಯಾ ಮನೆಯವರಿಗೆ ಹರಡುತ್ತದೆ ಅನ್ನುವ ಭಯ ಬೇಡ. ಮಕ್ಕಳನ್ನು ಎತ್ತಿಕೊಳ್ಳಲು ಹೆದರಬೇಡಿ. ಒಂದೇ ಎಚ್ಚರ: ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಇರುವಾಗ ಮಗುವಿಗೆ ಮುತ್ತು ಕೊಡಬೇಡಿ.

ಒಂಬತ್ತನೇ ಹೆಜ್ಜೆ: ಪಾಸಿಟಿವ್ ಬಂದರೆ

ಗೊನೊರಿಯಾ, ಕ್ಲಮೈಡಿಯಾ, ಸಿಫಿಲಿಸ್ ಮೂರೂ ವಾಸಿಯಾಗುತ್ತವೆ. ಗೊನೊರಿಯಾಕ್ಕೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಒಂದೇ ಸಲ. ಆಯಾ ದೇಶದ ನಿಯಮದ ಪ್ರಕಾರ 500 ಮಿಲಿಗ್ರಾಂ ಅಥವಾ 1 ಗ್ರಾಂ ಕೊಡುತ್ತಾರೆ. ಕ್ಲಮೈಡಿಯಾಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 7 ದಿನ. ಗರ್ಭಿಣಿಯರಿಗೆ ಬೇರೆ ಔಷಧಿ. ಶುರುವಿನ ಹಂತದ ಸಿಫಿಲಿಸ್‌ಗೆ ಪೆನಿಸಿಲಿನ್ ಇಂಜೆಕ್ಷನ್. 1943ರಿಂದಲೂ ಇದಕ್ಕೆ ಪೆನಿಸಿಲಿನ್ ಕೊಡುತ್ತಿದ್ದಾರೆ, ಇವತ್ತಿಗೂ ಅದೇ ಮೊದಲ ಆಯ್ಕೆ. ಇದನ್ನೆಲ್ಲ ಬರೆದಿರುವುದು ನೀವೇ ತೆಗೆದುಕೊಳ್ಳಲಿ ಅಂತಲ್ಲ. ಚಿಕಿತ್ಸೆ ಎಷ್ಟು ಸರಳ ಅಂತ ಗೊತ್ತಾಗಲಿ ಅಂತ.

ಹರ್ಪಿಸ್ ಪೂರ್ತಿ ಹೋಗುವುದಿಲ್ಲ, ಆದರೆ ಮಾತ್ರೆಯಿಂದ ಹಿಡಿತಕ್ಕೆ ಬರುತ್ತದೆ. ಎಚ್‌ಐವಿ ಬಂದರೂ ದಿನಾ ಮಾತ್ರೆ ತೆಗೆದುಕೊಂಡು ಪೂರ್ತಿ ಆಯಸ್ಸು ಬದುಕುವವರಿದ್ದಾರೆ. ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿ, ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ.

ಗಂಟಲಿನ ಗೊನೊರಿಯಾಕ್ಕೆ ಚಿಕಿತ್ಸೆ ಆದ ಮೇಲೆ 14 ದಿನದ ಹೊತ್ತಿಗೆ ಮತ್ತೆ ಸ್ವ್ಯಾಬ್ ಮಾಡಿಸಬೇಕು. ಬೇರೆ ಜಾಗದ ಗೊನೊರಿಯಾಕ್ಕೆ ಇದು ಯಾವಾಗಲೂ ಬೇಕಿಲ್ಲ, ಗಂಟಲಿನದಕ್ಕೆ ಬೇಕು. ಎಲ್ಲರೂ ತಪ್ಪಿಸುವುದು ಇದನ್ನೇ. 3 ತಿಂಗಳಿಗೆ ಇನ್ನೊಂದು ಸಲ, ಹೊಸದಾಗಿ ತಗುಲಿದೆಯಾ ಅಂತ ನೋಡಲು. ಚಿಕಿತ್ಸೆ ಮುಗಿದ ಮೇಲೂ 7 ದಿನ ಸಂಪರ್ಕ ಬೇಡ. ಸಂಗಾತಿಯ ಚಿಕಿತ್ಸೆ ಆಗುವವರೆಗೂ ಬೇಡ. ನಡುವೆ ಕೀಲು ಊದಿ ನೋಯುವುದು, ಜ್ವರ, ಮೈಮೇಲೆ ಕೀವಿನ ಚುಕ್ಕೆ ಕಂಡರೆ ಸೋಂಕು ರಕ್ತಕ್ಕೆ ಇಳಿದಿರಬಹುದು. ಅಪರೂಪ, ಆದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಸಂಗಾತಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಗೊನೊರಿಯಾ, ಕ್ಲಮೈಡಿಯಾ ಆದರೆ ಹಿಂದಿನ 60 ದಿನದಲ್ಲಿ ಸಂಪರ್ಕ ಆದವರಿಗೆಲ್ಲ ಹೇಳಬೇಕು. ಜಗಳದ ದನಿ ಬೇಡ, ಕ್ಷಮೆ ಕೇಳುವ ದನಿಯೂ ಬೇಡ. "ನನಗೆ ಗಂಟಲಲ್ಲಿ ಗೊನೊರಿಯಾ ಇದೆ ಅಂತ ರಿಪೋರ್ಟ್ ಬಂದಿದೆ. ಇದಕ್ಕೆ ಲಕ್ಷಣವೇ ಇರಲ್ವಂತೆ. ನಿನಗೂ ಇರಬಹುದು, ಒಮ್ಮೆ ಪರೀಕ್ಷೆ ಮಾಡಿಸಿಕೋ" ಅಂದರೆ ಸಾಕು. ಯಾರಿಂದ ಯಾರಿಗೆ ಬಂತು ಅಂತ ಲೆಕ್ಕ ಹಾಕಲು ಹೋಗಬೇಡಿ. ಲಕ್ಷಣ ಇಲ್ಲದೆ ವಾರಗಟ್ಟಲೆ ಇರುವ ಸೋಂಕಿನಲ್ಲಿ ಆ ಲೆಕ್ಕ ಕೂಡುವುದೇ ಇಲ್ಲ. ಹೇಳಿದರೆ ಹೊಡೆತ ಬೀಳಬಹುದು ಅನ್ನುವ ಭಯ ಇದ್ದರೆ ನೀವೇ ಹೇಳಬೇಡಿ, ವೈದ್ಯರಿಗೆ ಆ ಭಯವನ್ನು ತಿಳಿಸಿ. ನಿಮ್ಮ ಹೆಸರು ಬಾರದ ಹಾಗೆ ತಿಳಿಸುವ ವ್ಯವಸ್ಥೆ ಕೆಲವು ಕಡೆ ಇರುತ್ತದೆ.

ಎಲ್ಲ ನೆಗೆಟಿವ್ ಬಂದರೂ ಗಂಟಲು ನೋಯುತ್ತಿದ್ದರೆ

ಇಂಥವರೂ ತುಂಬ ಜನ. ಸರಿಯಾದ ದಿನಕ್ಕೆ, ಸರಿಯಾದ ಜಾಗದಿಂದ ಮಾಡಿಸಿದ ಪರೀಕ್ಷೆ ನೆಗೆಟಿವ್ ಅಂದರೆ ನಂಬಿ. ಐದನೇ ಸಲ ಮಾಡಿಸಿದರೂ ಅದೇ ಬರುತ್ತದೆ. ಈಗ ಉಳಿದಿರುವುದು ಮೊದಲ ಪ್ರಶ್ನೆ ಮಾತ್ರ: ಗಂಟಲು ಯಾಕೆ ನೋಯುತ್ತಿದೆ? ರಾತ್ರಿ ಮಲಗಿದಾಗ ಹೊಟ್ಟೆಯ ಆಮ್ಲ ಮೇಲೆ ಬರುತ್ತಿರಬಹುದು. ಅಲರ್ಜಿಯ ಸಿಂಬಳ ಹಿಂದಿನಿಂದ ಇಳಿಯುತ್ತಿರಬಹುದು. ಬಾಯಿ ತೆರೆದು ಮಲಗುವ ಅಭ್ಯಾಸ, ಒಣ ಗಾಳಿ, ಸಿಗರೇಟ್, ಜಾಸ್ತಿ ಮಾತಾಡುವ ಕೆಲಸ ಇರಬಹುದು. ವಾರಗಟ್ಟಲೆ ಸುಸ್ತು ಇದ್ದರೆ ಗ್ರಂಥಿಜ್ವರದ ಪರೀಕ್ಷೆ ಕೇಳಿ. ಅದು ಇದ್ದರೆ ಗುಲ್ಮ (ಹೊಟ್ಟೆಯ ಎಡಬದಿಯಲ್ಲಿ ಪಕ್ಕೆಲುಬಿನ ಕೆಳಗಿರುವ ಅಂಗ) ಊದಿಕೊಂಡಿರುವ ಸಾಧ್ಯತೆ ಇರುವುದರಿಂದ ಕನಿಷ್ಠ 3 ವಾರ ಮೈಗೆ ಮೈ ತಾಗುವ ಆಟ, ಭಾರ ಎತ್ತುವ ಕೆಲಸ ಬೇಡ.

3 ವಾರ ದಾಟಿದರೂ ಮಾಯದ ಹುಣ್ಣು, ಕತ್ತಿನಲ್ಲಿ ನೋಯದೆ ಉಳಿದ ಗಂಟು, ಹಿಂತಿರುಗದ ದನಿ, ಒಂದೇ ಕಿವಿಗೆ ಹರಿಯುವ ನೋವು ಇದ್ದರೆ ಕಿವಿ ಮೂಗು ಗಂಟಲಿನ ತಜ್ಞರನ್ನು ನೋಡಿ. ಹೋಗುವಾಗ ಆ ಕಾಗದವನ್ನೂ ತೆಗೆದುಕೊಂಡು ಹೋಗಿ. ದಿನಾಂಕ, ಮಾಡಿಸಿದ ಪರೀಕ್ಷೆ, ಬಂದ ಉತ್ತರ ಎಲ್ಲ ಅದರಲ್ಲಿ ಇರುತ್ತದೆ. ಅವರು ಮೊದಲು ಕೇಳುವುದೇ ಅದನ್ನು.